ನೆಲಕ್ಕೂ ನೀರಿಗೂ ಒಗ್ಗುವ ಮೃದುಯಂತ್ರಗಳು

ಮುಂಗಾರು ಮಳೆ ಬಿದ್ದು ಬಿಂಡಿಗನವಿಲೆಯ ಸುತ್ತಣ ಕೆರೆಕಟ್ಟೆಗಳಲ್ಲಿ ನೀರು ನಿಂತ ಮೇಲೆ, ಏರಿಯ ಬದಿಯಲ್ಲಿ ಆಮೆಯೂ ಜಿಗಣೆಯೂ ಕಣ್ಣಿಗೆ ಬೀಳುವುದುಂಟು. ಆಮೆಗೆ ಚಿಪ್ಪೂ ಎಲುಬೂ ಇವೆ; ಜಿಗಣೆಗೆ ಒಂದೆಲುಬೂ ಇಲ್ಲ. ಆದರೂ ಇವೆರಡೂ ನೆಲದ ಮೇಲೆ ಚಲಿಸಬಲ್ಲವು, ನೀರಿನಲ್ಲಿ ಈಜಬಲ್ಲವು. ಮನುಷ್ಯನು ಮಾಡಿದ ಯಂತ್ರಗಳಲ್ಲಿ ಈ ಎರಡು ಶಕ್ತಿಗಳು ಕೂಡಿರುವುದು ಅಪೂರ್ವ. ಗಾಡಿಯು ಕೆಸರಿನಲ್ಲಿ ಹೂತುಹೋಗುವುದು. ಹರಿಗೋಲು ದಡದ ಮೇಲೆ ನಿರುಪಯೋಗಿ.

ಇಂಥ ಯಂತ್ರ ನಮಗೇಕೆ ಬೇಕೆಂದು ತಾಯಿತಂದೆಗಳು ಕೇಳಬಹುದು. ಪಾಳುಬಾವಿಗೂ ಒಳಚರಂಡಿಯ ಗುಂಡಿಗೂ ಇಳಿದವರು ವಿಷವಾಯುವಿನಿಂದ ಪ್ರಾಣಬಿಟ್ಟ ಸುದ್ದಿಯನ್ನು ನಾವು ಇಂದಿಗೂ ಓದುತ್ತೇವೆ. ರಕ್ಷಣೆಯಿಲ್ಲದೆ ಚರಂಡಿಗೆ ಮನುಷ್ಯನನ್ನು ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಕಾನೂನು ಬೇಡವೆಂದ ಕೆಲಸವನ್ನು ಮಾಡುವ ಕೈ ಮತ್ತೊಂದು ಬೇಕಲ್ಲವೆ? ಇಕ್ಕಟ್ಟಾದ ಕೊಳವೆಯಲ್ಲಿ ನುಸುಳಿ, ಕೆಸರನ್ನು ದಾಟಿ, ನೀರಿನಲ್ಲಿ ಮುಳುಗಿ, ಮತ್ತೆ ಮೇಲಕ್ಕೆ ಬರಬಲ್ಲ ಮೃದು ರೋಬಾಟನ್ನು ವಿಜ್ಞಾನಿಗಳು ಹುಡುಕುತ್ತಿರುವುದಕ್ಕೆ ಇಂಥ ಅಗತ್ಯವೂ ಒಂದು ಕಾರಣ.

ಮೃದುವಾದುದು ಬಲಹೀನವೆಂದು ಎಣಿಸಬಾರದು. ಮೈಸೂರಿನ ದಸರೆಯಲ್ಲಿ ನಾವು ಕಂಡ ಆನೆಯ ಸೊಂಡಿಲಿನಲ್ಲಿ ಎಲುಬಿಲ್ಲ. ಅದು ಮರದ ದಿಮ್ಮಿಯನ್ನೂ ಎತ್ತುವುದು, ನೆಲದ ಮೇಲಿನ ಕಡಲೆಕಾಯಿಯನ್ನೂ ಹೆಕ್ಕುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಜಿ. ಕೆ. ಅನಂತಸುರೇಶ್ ಅವರು ಬಹುಕಾಲ ಅಭ್ಯಸಿಸಿರುವುದು ಇದಕ್ಕೆ ಸಮೀಪದ ವಿಷಯ: ಕೀಲೂ ತಿರುಗಣಿಯೂ ಇಲ್ಲದೆ, ವಸ್ತುವಿನ ಬಾಗುವಿಕೆಯಿಂದಲೇ ಕೆಲಸಮಾಡುವ ಯಂತ್ರಾಂಗಗಳು. ಅವರಿಗೆ 2010ರಲ್ಲಿ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿ ದೊರೆಯಿತು.

ಈಗ ವಸ್ತುಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಸಿಲಿಕೋನ್ ರಬ್ಬರು. ನಮ್ಮ ಅಡಿಗೆಮನೆಗಳ ಎಷ್ಟೋ ಕುಕ್ಕರುಗಳ ಉಂಗುರವು ಇದರದೇ. ಇದನ್ನು ದ್ರವರೂಪದಲ್ಲಿ ಅಚ್ಚಿಗೆ ಹೊಯ್ದು ಗಟ್ಟಿಮಾಡುವರು; ನಾಗಮಂಗಲದ ಕುಶಲಕರ್ಮಿಗಳು ಲೋಹವನ್ನು ಎರಕಹೊಯ್ಯುವ ಬಗೆಯನ್ನು ಬಲ್ಲವರಿಗೆ ಇದು ಹೊಸತಲ್ಲ. ಒಳಗೆ ಟೊಳ್ಳು ಬಿಟ್ಟು ಗಾಳಿ ತುಂಬಿದರೆ ಅದು ಹಿಗ್ಗುವುದು. ಹಿಗ್ಗುವಿಕೆಯು ಬಾಗುವಿಕೆಯಾಗುವುದು ಹೇಗೆ? ಮಕ್ಕಳು ಮನೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ಉದ್ದನೆಯ ಬಲೂನನ್ನು ಸ್ವಲ್ಪ ಊದಿ, ಅದರ ಒಂದು ಪಕ್ಕಕ್ಕೆ ಉದ್ದಕ್ಕೂ ಅಂಟುಪಟ್ಟಿ ಹಚ್ಚಿ, ಮತ್ತೆ ಊದಿರಿ. ಪಟ್ಟಿ ಹಚ್ಚಿದ ಪಕ್ಕ ಹಿಗ್ಗಲಾರದು. ಇನ್ನೊಂದು ಪಕ್ಕ ಹಿಗ್ಗುವುದು. ಆದುದರಿಂದ ಬಲೂನು ಪಟ್ಟಿಯ ಕಡೆಗೆ ಬಾಗುವುದು. ಮೃದು ರೋಬಾಟಿನ ಅನೇಕ ಬೆರಳುಗಳು ಈ ತತ್ತ್ವದಿಂದಲೇ ಮಡಿಯುತ್ತವೆ.

ಎರಡನೆಯದು ನೀರನ್ನು ಹಿಡಿದುಕೊಳ್ಳುವ ಜಲಲೋಳೆ. ಕಾಮಕಸ್ತೂರಿಯ ಬೀಜವನ್ನು ನೆನೆಹಾಕಿದಾಗ ಅದರ ಸುತ್ತ ಕಟ್ಟುವ ಲೋಳೆಯನ್ನು ನೆನೆಯಿರಿ. ಇಂಥ ವಸ್ತು ನೀರಿನಲ್ಲಿ ಸುಖವಾಗಿರುವುದು. ದಡಕ್ಕೆ ತಂದರೆ ಬಿಸಿಲಿಗೆ ಒಣಗಿ ಗಟ್ಟಿಯಾಗುವುದು. ಆದುದರಿಂದ ಅದಕ್ಕೆ ರಬ್ಬರಿನ ತೊಗಲು ಬೇಕು. ಆದರೆ ಒದ್ದೆಯಾದ ಲೋಳೆಗೆ ರಬ್ಬರನ್ನು ಬಿಡದಂತೆ ಅಂಟಿಸುವುದು ಸುಲಭವಲ್ಲ.

ಮೂರನೆಯದು ವಿದ್ಯುತ್ತಿನಿಂದ ಹಿಗ್ಗುವ ರಬ್ಬರಿನ ಪೊರೆ. ಪೊರೆಯ ಎರಡು ಮೈಗಳಿಗೆ ವಿದ್ಯುತ್ತನ್ನು ಕೊಟ್ಟರೆ ಆ ಮೈಗಳು ಒಂದನ್ನೊಂದು ಸೆಳೆದು, ಪೊರೆಯು ತೆಳುವಾಗಿ ಅಗಲವಾಗುವುದು. ಚೀನಾದೇಶದ ವಿಜ್ಞಾನಿಗಳು ಇಂಥ ಮಾಂಸಖಂಡವುಳ್ಳ ಮೀನಿನಾಕಾರದ ರೋಬಾಟನ್ನು ಮರಿಯಾನಾ ಕಂದಕದಲ್ಲಿ ಸುಮಾರು 10,900 ಮೀಟರ್ ಆಳದವರೆಗೆ ಇಳಿಸಿ, ಅಲ್ಲಿ ಅದು ರೆಕ್ಕೆ ಬಡಿಯುವುದನ್ನು ಕಂಡರು. ಈ ವರದಿ 2021ರಲ್ಲಿ ಪ್ರಕಟವಾಯಿತು. ಅಲ್ಲಿಯ ಒತ್ತಡ ನಮ್ಮ ವಾಯುಮಂಡಲದ ಒತ್ತಡಕ್ಕಿಂತ 1,000 ಪಟ್ಟಿಗೂ ಹೆಚ್ಚು. ಉಕ್ಕಿನ ದಪ್ಪ ಕವಚವಿಲ್ಲದೆ ಅದು ಉಳಿದುದು, ಮೆತ್ತನೆಯ ಮೈಯೊಳಗೆ ವಿದ್ಯುದ್ಭಾಗಗಳನ್ನು ಬಿಡಿಬಿಡಿಯಾಗಿ ಹುದುಗಿಸಿದುದರಿಂದ.

ಆದರೆ ನೆಲವೂ ನೀರೂ ಬೇಡುವುದು ಒಂದನ್ನಲ್ಲ. ನೀರು ಮೈಯ ಭಾರವನ್ನು ತಾನೇ ಹೊರುವುದು. ಅಲ್ಲಿ ಬೇಕಾದುದು ಚಪ್ಪಟೆಯಾದ ಹುಟ್ಟು. ನೆಲದ ಮೇಲೆ ಭಾರವನ್ನೆಲ್ಲ ಕಾಲೇ ಹೊರಬೇಕು. ಅಲ್ಲಿ ಬೇಕಾದುದು ಗಟ್ಟಿಯಾದ ಕಂಬ. ಒಂದೇ ಅಂಗ ಎರಡೂ ಆಗುವುದು ಹೇಗೆ?

ಇದಕ್ಕೆ ಉತ್ತರವನ್ನು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರೆಬೆಕ್ಕಾ ಕ್ರೇಮರ್ ಬಾಟಿಗ್ಲಿಯೋ ಎಂಬ ವಿದುಷಿಯೂ ಅವರ ಸಂಗಡಿಗರೂ 2022ರಲ್ಲಿ ತೋರಿಸಿದರು. ಅವರ ರೋಬಾಟ್ ಆಮೆಯ ಕಾಲುಗಳಲ್ಲಿ, ಬಿಸಿಯಾದರೆ ಮೆದುವಾಗಿ ತಣ್ಣಗಾದರೆ ಗಟ್ಟಿಯಾಗುವ ವಸ್ತುವಿದೆ. ವಿದ್ಯುತ್ತಿನಿಂದ ಅದನ್ನು ಬಿಸಿಮಾಡಿ, ಗಾಳಿಯ ಚೀಲಗಳಿಂದ ಆಕಾರವನ್ನು ಬದಲಿಸಿ, ತಣ್ಣಗಾಗಲು ಬಿಟ್ಟರೆ ಕಾಲು ಈಜುರೆಕ್ಕೆಯಾಗಿ ನಿಲ್ಲುವುದು. ಹಾಗೆಯೇ ರೆಕ್ಕೆಯು ಮತ್ತೆ ಕಾಲಾಗುವುದು. ಆಲೆಮನೆಯಲ್ಲಿ ಬಿಸಿಪಾಕವು ಅಚ್ಚಿನಲ್ಲಿ ಆರಿ ಬೆಲ್ಲವಾಗುವುದನ್ನು ಕಂಡವರಿಗೆ ಇದು ಬೇಗ ತಿಳಿಯುವುದು. ಭೇದವೊಂದುಂಟು: ಪಾಕವು ಹರಿದುಹೋಗುವುದು, ಈ ವಸ್ತುವಿನ ಕಣಸರಪಳಿಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಅದು ಮೆದುವಾದರೂ ಕರಗಿ ಹರಿಯದು.

ಕೊರತೆಗಳೂ ಇವೆ. ಬಿಸಿಮಾಡಲು ವಿದ್ಯುತ್ತು ವ್ಯಯವಾಗುವುದು, ಆರಲು ಹೊತ್ತು ಹಿಡಿಯುವುದು. ಮುಳ್ಳು ತಗಲಿದರೆ ರಬ್ಬರು ಹರಿಯುವುದು. ಅದಕ್ಕಿಂತ ದೊಡ್ಡ ಮಾತೆಂದರೆ, ಸಿಲಿಕೋನ್ ಬೇಗನೆ ಕೊಳೆಯುವ ವಸ್ತುವಲ್ಲ. ಕೆರೆಯನ್ನು ಶುದ್ಧಮಾಡಲು ಹೋದ ಯಂತ್ರವೇ ಕೆರೆಯ ತಳದಲ್ಲಿ ಕಸವಾಗಿ ಉಳಿದರೆ ಲಾಭವೇನು? ಇದನ್ನು ಮನಗಂಡು, ಆಸ್ಟ್ರಿಯಾದೇಶದ ಲಿಂಟ್ಸ್ ನಗರದ ವಿಜ್ಞಾನಿಗಳು ಕೆಲಸ ಮುಗಿದ ಮೇಲೆ ಕೊಳೆತುಹೋಗಬಲ್ಲ ಜೆಲಟಿನಿನ ಮೃದುವಸ್ತುವನ್ನು 2020ರಲ್ಲಿ ಪ್ರಕಟಿಸಿದರು.

ಆದುದರಿಂದ ಈ ಪಾಠದ ಸಾರವಿಷ್ಟು: ಒಳ್ಳೆಯ ವಸ್ತುವೆಂದರೆ ಸದಾ ಗಟ್ಟಿಯಾದುದೂ ಅಲ್ಲ, ಸದಾ ಮೆತ್ತನೆಯದೂ ಅಲ್ಲ, ಎಲ್ಲಿ ಗಟ್ಟಿಯಾಗಬೇಕು, ಎಲ್ಲಿ ಬಾಗಬೇಕು, ಕಡೆಗೆ ಹೇಗೆ ಮಣ್ಣಿಗೆ ಸೇರಬೇಕು ಎಂಬ ಮೂರಕ್ಕೂ ಒಗ್ಗುವುದೇ ಒಳ್ಳೆಯದು. ಅಂಥ ವಸ್ತು ಪೂರ್ಣವಾಗಿ ಇನ್ನೂ ಸಿದ್ಧವಾಗಿಲ್ಲ. ಈ ಶಾಲೆಯ ಬೆಂಚುಗಳಲ್ಲಿ ಇಂದು ಕುಳಿತಿರುವ ಹೆಣ್ಣುಮಕ್ಕಳಲ್ಲಿ ಒಬ್ಬಳು ಅದನ್ನು ಸಿದ್ಧಪಡಿಸಬಾರದೇಕೆ? ಅವಳು ರಜೆಗೆ ಊರಿಗೆ ಬಂದಾಗ, ಕೆರೆಯ ಏರಿಯ ಮೇಲೆ ಕೊಂಚ ಹೊತ್ತು ಕುಳಿತು ಜಿಗಣೆಯನ್ನು ನೋಡಲು ತಾಯಿತಂದೆಗಳು ಬಿಡುವು ಕೊಡಲಿ.