ಹಳೇ ಗಾಡಿಗೆ ಎಲೆಕ್ಟ್ರಾನಿಕ್ ಕಿಡಿ: ಸಾಲ ಕೊಡುವ ಮೊದಲು ತಿಳಿಯೋಣ



ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕಿನ ನಮ್ಮ ಸಂಘಗಳಲ್ಲಿ ಎಮ್ಮೆಗೆ ಸಾಲ ಕೇಳಿದರೆ ಎಲ್ಲರಿಗೂ ಪ್ರಶ್ನೆ ಕೇಳಲು ಬರುತ್ತದೆ. ಎಷ್ಟನೇ ಸೂಲು, ಎಷ್ಟು ಲೀಟರು, ಕೆಚ್ಚಲು ಹೆಂಗದ, ಎಲ್ಲಾ ವಿಚಾರಿಸುತ್ತೇವೆ. ಆದರೆ "ಮಗ ಹಳೇ ಯೆಜ್ಡಿ ಗಾಡಿ ತಂದಾನ, ರೆಡಿ ಮಾಡಿ ಮಾರತಾನಂತ, ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕಸಬೇಕು, ರೊಕ್ಕ ಬೇಕು" ಎಂದು ಒಬ್ಬ ಸದಸ್ಯೆ ಕೇಳಿದರೆ? ಇದು ಗಂಡಸರ ವಿಷಯ ಅಂತ ಸುಮ್ಮನೆ ಠರಾವಿಗೆ ಸಹಿ ಹಾಕುವುದು ಬೇಡ. ರೊಕ್ಕ ನಮ್ಮ ಉಳಿತಾಯದ್ದು. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನೆ ಎಂದು ಲೂಕನ ಶುಭಸಂದೇಶದಲ್ಲಿ ಬರುವ ಮಾತು ಈ ಸಾಲಕ್ಕೂ ಹೊಂದುತ್ತದೆ.

ಈ ಗಾಡಿಗಳು ನಮ್ಮ ರಾಜ್ಯದವೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ಮೋಟಾರ್ ಸೈಕಲ್ ತಯಾರಾದವು. ಮೂಲ ನಕ್ಷೆ ಆಗಿನ ಚೆಕೊಸ್ಲೊವಾಕಿಯಾ ದೇಶದ್ದು. 1973ರಿಂದ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಕಿಕ್ ಹೊಡೆಯುವ ಕಡ್ಡಿಯೇ ಗೇರ್ ಹಾಕುವ ಕಡ್ಡಿಯೂ ಆಗಿರುವುದು, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇರುವುದು, ಇವು ಅದರ ಗುರುತು. ಹೊಸ ಕಂಪನಿ 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನಲ್ಲಿ ಮತ್ತೆ ಗಾಡಿ ತಂದಿತು. ಆದರೆ ಅವು ಪೂರಾ ಬೇರೆ ಗಾಡಿಗಳು, ಅವುಗಳ ಸಾಮಾನು ಹಳೆಯದಕ್ಕೆ ಹೊಂದುವುದಿಲ್ಲ.

ಕಿಡಿ ಹುಟ್ಟುವುದು ಹೇಗೆ?

ಇಂಜಿನ್ ಒಳಗೆ ಪೆಟ್ರೋಲ್ ಹೊತ್ತಿಕೊಳ್ಳಲು ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಬೇಕು. ಬ್ಯಾಟರಿಯ 6 ವೋಲ್ಟಿಗೆ ಆ ಶಕ್ತಿ ಇಲ್ಲ. ಸಾವಿರಾರು ವೋಲ್ಟ್ ಬೇಕು. ಬೋರಿನ ನೀರು ಪೈಪಿನಲ್ಲಿ ಜೋರಾಗಿ ಹರಿಯುವಾಗ ವಾಲ್ ಪಟ್ಟನೆ ಬಂದ್ ಮಾಡಿದರೆ ಪೈಪು ದಡ್ ಅಂತ ಒದೆಯುತ್ತದಲ್ಲ, ಹಳೇ ಗಾಡಿಯಲ್ಲಿ ನಡೆಯುವುದು ಹೆಚ್ಚುಕಡಿಮೆ ಅದೇ. ಕಾಯಿಲಿನಲ್ಲಿ ಕರೆಂಟು ಹರಿಯುತ್ತಿರುತ್ತದೆ. 'ಪಾಯಿಂಟ್' ಎಂಬ ಎರಡು ಸಣ್ಣ ತುಣುಕುಗಳು ಬಾಯಿ ತೆರೆದಾಗ ಕರೆಂಟು ಪಟ್ಟನೆ ಕಡಿಯುತ್ತದೆ. ಆ ಒದೆತಕ್ಕೆ ಪ್ಲಗ್ಗಿನಲ್ಲಿ ಕಿಡಿ ಬರುತ್ತದೆ. ಇದು ಟೂ ಸ್ಟ್ರೋಕ್ ಇಂಜಿನ್, ಪ್ರತಿ ಸುತ್ತಿಗೂ ಒಂದು ಕಿಡಿ. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ 50 ಸಲ ಪಾಯಿಂಟ್ ಬಾಯಿ ತೆರೆದು ಮುಚ್ಚಬೇಕು. ತೆರೆದಾಗಿನ ಸಂದು ಸುಮಾರು 0.4 ಮಿಲಿಮೀಟರ್. ಸವೆಯುತ್ತದೆ, ಸುಡುತ್ತದೆ, ಮಳೆಯಲ್ಲಿ ತೇವ ಹಿಡಿಯುತ್ತದೆ. ಅದಕ್ಕೇ ಮುಂಜಾನೆ ಹತ್ತು ಕಿಕ್ ಹೊಡೆದರೂ ಗಾಡಿ ಚಾಲೂ ಆಗದು.

ಎಲೆಕ್ಟ್ರಾನಿಕ್ ಕಿಟ್ಟಿನಲ್ಲಿ ಪಾಯಿಂಟ್ ಇಲ್ಲ. ತಿರುಗುವ ಅಯಸ್ಕಾಂತ ಒಂದು ಪಿಕಪ್ ಕಾಯಿಲಿನ ಮುಂದೆ ಹಾದುಹೋದಾಗ ಅದು 'ಸಿಡಿಐ' ಎಂಬ ಪೆಟ್ಟಿಗೆಗೆ ಸುದ್ದಿ ಕೊಡುತ್ತದೆ. ಆ ಪೆಟ್ಟಿಗೆ ಕೊಡ ತುಂಬಿಸಿ ಒಮ್ಮೆಲೇ ಸುರಿದಂತೆ ಕರೆಂಟನ್ನು ಕೂಡಿಟ್ಟು ಕಾಯಿಲಿಗೆ ಬಿಡುತ್ತದೆ. ಸವೆಯುವ ತುಣುಕು ಇಲ್ಲದ್ದರಿಂದ ಪದೇ ಪದೇ ಸಂದು ಕೂಡಿಸುವ ಕೆಲಸ ಇಲ್ಲ. ಲಾಭ ನಿಜ. ಆದರೆ ಕೆಟ್ಟರೆ ಆ ಪೆಟ್ಟಿಗೆಯನ್ನು ದಾರಿಯಲ್ಲಿ ರಿಪೇರಿ ಮಾಡಲು ಆಗದು, ಹೊಸದೇ ಬೇಕು. ಪಾಯಿಂಟ್ ಆದರೆ ಉಜ್ಜುಕಾಗದದಲ್ಲಿ ಉಜ್ಜಿ ಮನೆ ಮುಟ್ಟಬಹುದಿತ್ತು.

ಮೊದಲು ಇದನ್ನು ನೋಡಿಸಿ

ಚಾಲೂ ಆಗದ ಗಾಡಿಗೆಲ್ಲ ಕಿಟ್ಟೇ ಔಷಧಿ ಅಲ್ಲ. ಪಾಯಿಂಟ್ ಬೇಗ ಬೇಗ ಕಪ್ಪಾಗಿ ಸುಡುತ್ತಿದ್ದರೆ, ಗಾಡಿ ಬಿಸಿಯಾದ ಮೇಲೆ ಬಂದ್ ಬೀಳುತ್ತಿದ್ದರೆ, ಕಂಡೆನ್ಸರ್ ಕೆಟ್ಟಿರಬಹುದು. ಅದು ಸಣ್ಣ ಸಾಮಾನು, ಸಣ್ಣ ಖರ್ಚು. ಕಾರ್ಬೊರೇಟರ್ ಹೊಲಸಾಗಿರಬಹುದು. ಕ್ರ್ಯಾಂಕಿನ ಆಯಿಲ್ ಸೀಲ್ ಹೋಗಿದ್ದರೆ ಎಂಥಾ ಕಿಡಿ ಕೊಟ್ಟರೂ ಗಾಡಿ ಸರಿ ಓಡದು.

ಎಲ್ಲಕ್ಕಿಂತ ಮುಖ್ಯವಾಗಿ ಕ್ರ್ಯಾಂಕಿನ ಬೇರಿಂಗ್ ನೋಡಬೇಕು. ಈ ಗಾಡಿಗಳಲ್ಲಿ ಡೈನಮೊ ಕ್ರ್ಯಾಂಕಿನ ಬಲತುದಿಯಲ್ಲೇ ಕೂತಿರುತ್ತದೆ. ಹೊಸ ಅಯಸ್ಕಾಂತವೂ ಅಲ್ಲೇ ಕೂಡಬೇಕು. ಆ ಶಾಫ್ಟ್ ಕೈಯಲ್ಲಿ ಹಿಡಿದರೆ ಅಲುಗಾಡುತ್ತಿದ್ದರೆ ಅಯಸ್ಕಾಂತ ತಿರುಗುವಾಗ ಕಾಯಿಲುಗಳಿಗೆ ತಿಕ್ಕಿ ಎರಡೂ ಹಾಳಾಗುತ್ತವೆ. "ಬೇರಿಂಗ್ ನೋಡಿಸಿದ್ದೀಯೇನವ್ವಾ?" ಎಂದು ಸಭೆಯಲ್ಲಿ ಕೇಳಿ. ಇಲ್ಲ ಅಂದರೆ ಕಿಟ್ಟಿನ ಮಾತು ಮುಂದಿನ ತಿಂಗಳಿಗೆ ಇರಲಿ.

ವೈರಿಂಗ್ ಕೆಲಸ

ಮೊದಲು ಬ್ಯಾಟರಿ ಬಿಚ್ಚಿ, ಪೆಟ್ರೋಲ್ ನಲ್ಲಿ ಬಂದ್ ಮಾಡಿಯೇ ಕೈ ಹಾಕಬೇಕು. ಹಳೇ ಜೋಡಣೆಯ ಫೋಟೊ ಮೊಬೈಲಿನಲ್ಲಿ ತೆಗೆದುಕೊಂಡು, ಒಂದೊಂದು ವೈರಿಗೂ ಚೀಟಿ ಕಟ್ಟಬೇಕು. ಡೈನಮೊ ಆರ್ಮೇಚರನ್ನು ಎಳೆಯುವ ಬೋಲ್ಟಿನಿಂದ ಬಿಚ್ಚಬೇಕು. ಸುತ್ತಿಗೆಯಿಂದ ಹೊಡೆದರೆ ಶಾಫ್ಟೇ ಸೊಟ್ಟ ಆಗುತ್ತದೆ.

ಹುಡುಗರು ಬಹಳ ಎಡವುವ ಜಾಗ ಕೀಲಿ ವೈರು. ಹಳೇ ಪದ್ಧತಿಯಲ್ಲಿ ಕೀಲಿ ಹಾಕಿದರೆ ಬ್ಯಾಟರಿಯ ಕರೆಂಟು ಕಾಯಿಲಿಗೆ ಹೋಗುತ್ತದೆ, ತೆಗೆದರೆ ಇಂಜಿನ್ ನಿಲ್ಲುತ್ತದೆ. ಬ್ಯಾಟರಿ ಇಲ್ಲದೆ ನಡೆಯುವ ಸಿಡಿಐನಲ್ಲಿ ಇದು ಉಲ್ಟಾ. ಅದರ ನಿಲ್ಲಿಸುವ ವೈರನ್ನು ಚಾಸಿಸ್ಸಿಗೆ ಮುಟ್ಟಿಸಿದರೆ ಇಂಜಿನ್ ಬಂದ್, ಬಿಟ್ಟರೆ ಚಾಲೂ. ಇದು ತಿಳಿಯದೆ ಹಳೇ ಕೀಲಿ ವೈರಿನ ಬ್ಯಾಟರಿ ಕರೆಂಟನ್ನು ಆ ವೈರಿಗೆ ಕೊಟ್ಟರೆ ಹೊಸ ಪೆಟ್ಟಿಗೆ ಮೊದಲ ದಿನವೇ ಸುಟ್ಟು ಹೋಗಬಹುದು. ಸಾಲ ಉಳಿಯಿತು, ಪೆಟ್ಟಿಗೆ ಹೋಯಿತು! ಬ್ಯಾಟರಿಯಿಂದಲೇ ನಡೆಯುವ ಸಿಡಿಐಯೂ ಉಂಟು, ಅದರ ಜೋಡಣೆ ಬೇರೆ. ವೈರಿನ ಬಣ್ಣವೂ ಒಂದೊಂದು ಕಂಪನಿಗೆ ಒಂದೊಂದು. ಆದ್ದರಿಂದ ಕಿಟ್ಟಿನ ಜೊತೆ ಬಂದ ನಕ್ಷೆ ಕಾಗದವೇ ಪ್ರಮಾಣ, "ನನಗೆಲ್ಲಾ ಗೊತ್ತದ" ಎನ್ನುವ ಮಿಸ್ತ್ರಿಯ ಮಾತಲ್ಲ. ಕಾಗದವಿಲ್ಲದ ಕಿಟ್ ತರಲೇಬಾರದು.

ಹಳೇ ಕಾಯಿಲು ಸಿಡಿಐಗೆ ನಡೆಯದು, ಅದರದೇ ಕಾಯಿಲು ಬೇಕು. ಗಾಡಿಗೆ ಹೊಸ ಬಣ್ಣ ಹೊಡೆಸಿದ್ದರೆ ಅರ್ಥಿಂಗ್ ಕೂಡುವ ಜಾಗದಲ್ಲಿ ಬಣ್ಣ ಕೆರೆದು ಕಬ್ಬಿಣ ಕಾಣಿಸಬೇಕು. ಚಂದ ಕಾಣಲೆಂದು ಬಣ್ಣದ ಮೇಲೆಯೇ ಬೋಲ್ಟ್ ಬಿಗಿದರೆ ಕಿಡಿ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ವೈರುಗಳನ್ನು ಹೊಸೆದು ಟೇಪ್ ಸುತ್ತುವುದು ಸಾಲದು, ಬೆಸುಗೆ ಹಾಕಬೇಕು ಇಲ್ಲವೆ ಟರ್ಮಿನಲ್ ಒತ್ತಬೇಕು. ಬ್ಯಾಟರಿಗೆ ಫ್ಯೂಸ್ ಇರಲೇಬೇಕು. ಕಿಡಿ ನೋಡಲು ಪ್ಲಗ್ ಬಿಚ್ಚಿದಾಗ ಅದರ ಮೈಯನ್ನು ಇಂಜಿನ್ನಿಗೆ ತಾಗಿಸಿ ಇಡಬೇಕು, ಗಾಳಿಯಲ್ಲಿ ಬಿಟ್ಟು ಕಿಕ್ ಹೊಡೆದರೆ ಪೆಟ್ಟಿಗೆ ಕೆಡಬಹುದು. ಕೈಯಲ್ಲಂತೂ ಹಿಡಿಯಬಾರದು. ಮುಂದೆ ಎಂದಾದರೂ ಸ್ಟ್ಯಾಂಡಿಗೆ ವೆಲ್ಡಿಂಗ್ ಮಾಡಿಸುವುದಾದರೆ ಸಿಡಿಐ ಮತ್ತು ಬ್ಯಾಟರಿ ಎರಡನ್ನೂ ಬಿಚ್ಚಿಟ್ಟು ಮಾಡಿಸಬೇಕು.

ಕಿಡಿ ಬರುವ ಸಮಯವನ್ನು ಆ ಮಾಡೆಲ್ಲಿಗೆ ಹೇಳಿದ ಅಳತೆಗೇ ಕೂಡಿಸಬೇಕು. ಬಹಳ ಮುಂಚೆ ಬಂದರೆ ಕಿಕ್ ತಿರುಗಿ ಕಾಲಿಗೆ ಹೊಡೆಯುತ್ತದೆ, ಇಂಜಿನ್ ಅತಿಯಾಗಿ ಕಾಯುತ್ತದೆ. ತಡವಾದರೆ ಎಳೆತ ಇರುವುದಿಲ್ಲ.

ಖರ್ಚಿನ ಪಟ್ಟಿಯಲ್ಲಿ ಬಿಟ್ಟುಹೋಗುವುದು

ಹೊಸ ಕಿಟ್ 12 ವೋಲ್ಟಿನದಾಗಿದ್ದು ಗಾಡಿ ಹಳೇ 6 ವೋಲ್ಟಿನದಾಗಿದ್ದರೆ ಹೆಡ್‌ಲೈಟ್, ಹಿಂದಿನ ದೀಪ, ಹಾರ್ನ್, ಬ್ಯಾಟರಿ ಎಲ್ಲಾ ಬದಲಿಸಬೇಕು. ಕರೆಂಟು ಹದಕ್ಕೆ ತರುವ ರೆಗ್ಯುಲೇಟರ್ ಬೇಕು. ಕಿಟ್ಟಿನ ದರ ಒಂದನ್ನೇ ಬರೆದು ಸಾಲ ಕೇಳಿದರೆ ಅರ್ಧಕ್ಕೇ ಕೆಲಸ ನಿಂತು, ಗಾಡಿ ಹಿತ್ತಲಲ್ಲಿ ಕೋಳಿ ಕೂಡುವ ಜಾಗ ಆಗುತ್ತದೆ. ಎರಡು ಅಂಗಡಿಯ ದರಪಟ್ಟಿ, ಮಿಸ್ತ್ರಿಯ ಕೂಲಿ, ಎಲ್ಲಾ ಸೇರಿಸಿ ಬರೆಸಿ.

ಆರ್.ಸಿ. ಪುಸ್ತಕ ತರಿಸಿ ನೋಡಿ. ಅದರಲ್ಲಿನ ಇಂಜಿನ್, ಚಾಸಿಸ್ ನಂಬರು ಗಾಡಿಯ ಮೇಲಿನದಕ್ಕೆ ಹೊಂದಬೇಕು. 15 ವರ್ಷ ದಾಟಿದ ಗಾಡಿಯ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. "ವಿಂಟೇಜ್ ಮಾಡಿಸಿದರೆ ಭಾರಿ ರೇಟು ಬರ್ತದ" ಎನ್ನುವವರೂ ಇದ್ದಾರೆ. 2021ರ ಕೇಂದ್ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ಗಾಡಿಗೆ ಮಾತ್ರ ಅದು. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕಾಗಲಿ ವ್ಯಾಪಾರಕ್ಕಾಗಲಿ ರಸ್ತೆಯಲ್ಲಿ ಓಡಿಸುವಂತಿಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುವವರಿಗೆ ಅದು ಬೇಡವೇ ಬೇಡ. ಮಾರುವ ಗಾಡಿಯಾದರೆ, ಕೊಳ್ಳುವವರು ಯಾರು, ಮಾರುವ ತನಕ ಕಂತು ಯಾವ ದುಡಿಮೆಯಿಂದ ಕಟ್ಟುತ್ತಾರೆ, ಕೇಳಿ ಠರಾವು ಪುಸ್ತಕದಲ್ಲಿ ಬರೆದುಕೊಳ್ಳಿ.

ಕೆಲಸ ಮುಗಿದ ಮೇಲೆ ಹಣ ಪೂರಾ ಕೊಡುವ ಮುಂಚೆ ಇಂಜಿನ್ ಚಾಲೂ ಇಟ್ಟು ಸ್ವಲ್ಪ ರೇಸ್ ಕೊಟ್ಟು ಮೀಟರಿನಲ್ಲಿ ಬ್ಯಾಟರಿ ನೋಡಿಸಿ. 12 ವೋಲ್ಟಿನ ಗಾಡಿಯಲ್ಲಿ ಸುಮಾರು 13.5ರಿಂದ 14.5 ತೋರಿಸಬೇಕು. ಕೀಲಿ ತೆಗೆದರೆ ಇಂಜಿನ್ ನಿಲ್ಲಬೇಕು. ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ ಬಂದ್ ಮಾಡಿ, ಮತ್ತೆ ಚಾಲೂ ಆಗುತ್ತದೋ ನೋಡಬೇಕು. ಬಿಚ್ಚಿದ ಡೈನಮೊ, ಕಾಯಿಲು, ಪಾಯಿಂಟ್ ಪ್ಲೇಟುಗಳನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ, ಗುಜರಿಗೂ ಹಾಕಬೇಡಿ. ಹಳೇ ಗಾಡಿ ಕೊಳ್ಳುವವರು ಮೂಲ ಸಾಮಾನು ಇದೆಯೇ ಎಂದು ಕೇಳುತ್ತಾರೆ. ಎಣ್ಣೆ ಒರೆಸಿ, ಡಬ್ಬಿಯಲ್ಲಿಟ್ಟು, ಕಿಟ್ಟಿನ ಬಿಲ್ಲನ್ನೂ ನಕ್ಷೆ ಕಾಗದವನ್ನೂ ಅದರ ಜೊತೆಗೇ ಇಡಿ.