ಬಿ.ಇ. ಆದ ಮೇಲೆ ಮುಂದೇನು?

"ಮಗಂದು ಮೆಕ್ಯಾನಿಕಲ್ ಮುಗೀತ್ರಿ ಸರ್, ಮುಂದ ಓದಸಾಕ ರೊಕ್ಕ ಇಲ್ಲ" ಎಂದು ವಡಗೇರಾದ ಪಾಲಕರು ನಮ್ಮಲ್ಲಿ ಹೇಳುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗೇಟ್ ಅಂಕದ ಮೇಲೆ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಓದು ಎರಡು ವರ್ಷ. ಮೊದಲು ಶಾಖ, ದ್ರವಗಳ ಹರಿವು, ಯಂತ್ರಗಳ ಕಂಪನದಂಥ ಪಾಠಗಳು. ಆಮೇಲೆ ಪ್ರಾಧ್ಯಾಪಕರೊಬ್ಬರ ಕೈಕೆಳಗೆ ಸಂಶೋಧನೆ. ಗೇಟ್ ಪರೀಕ್ಷೆಯನ್ನು ಬಿ.ಇ. ಮೂರನೇ ವರ್ಷದಲ್ಲೇ ಬರೆಯಬಹುದು, ಅಂಕ ಮೂರು ವರ್ಷ ನಡೆಯುತ್ತದೆ.

ಆದರೆ ರಾಜ್ಯದ 2ಬಿ ಪ್ರಮಾಣಪತ್ರ ಅಲ್ಲಿ ನಡೆಯದು. ಇದನ್ನರಿಯದೆ ನಮ್ಮ ಹುಡುಗನೊಬ್ಬ ಒಂದು ವರ್ಷ ಕಳೆದುಕೊಂಡ. ಮೊದಲೇ ಹೇಳದಿದ್ದ ತಪ್ಪು ನಮ್ಮದು. ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಿಮ್ಮ ಪಂಗಡವಿದೆಯೇ ನೋಡಿ. ಇದ್ದರೆ ಕೇಂದ್ರ ನಮೂನೆಯ ಪತ್ರವನ್ನು, ಇಲ್ಲದಿದ್ದರೆ ಅರ್ಹತೆ ನೋಡಿ ಇ.ಡಬ್ಲ್ಯೂ.ಎಸ್. ಪತ್ರವನ್ನು, ತಹಶೀಲ್ದಾರರ ಕಚೇರಿಯಲ್ಲಿ ಅರ್ಜಿಗೆ ಮುಂಚೆಯೇ ಮಾಡಿಸಿಟ್ಟುಕೊಳ್ಳಿ.