ರೀಷಿ ಅಣಬೆ: ಚೀಲ ಕಟ್ಟೋ ಮುಂಚೆ ಕೊಳ್ಳೋರನ್ನ ಹುಡುಕಿ

ಹಳೇ ತೆಂಗಿನ ತೋಟದಲ್ಲಿ ಮರದ ಬುಡಕ್ಕೆ ಅಂಟಿಕೊಂಡು, ವಾರ್ನಿಷ್ ಬಳಿದ ಹಾಗೆ ಹೊಳೆಯೋ ಕೆಂಗಂದು ಬಣ್ಣದ ಅಣಬೆ ನೋಡಿರ್ತೀರಿ. ಕೈಯಲ್ಲಿ ಮುರಿಯೋಕೆ ಹೋದ್ರೆ ಮರದ ಚಕ್ಕೆ ಥರ ಗಟ್ಟಿ. ಹೊಂಗೆ ಮರದ ಬೇರಲ್ಲೂ ಬರುತ್ತೆ. ಅದು ಗ್ಯಾನೋಡರ್ಮಾ ಕುಲದ ಅಣಬೆ. ತೆಂಗು, ಅಡಿಕೆಗೆ ಬರೋ ಅಣಬೆ ರೋಗಕ್ಕೆ ಕಾರಣ ಇದೇ ಕುಲ. ಈಗ ವಾಟ್ಸಾಪ್ ಗ್ರೂಪುಗಳಲ್ಲಿ "ಮನೇಲೇ ಬೆಳೆಯಿರಿ, ಸಾವಿರಾರು ರೂಪಾಯಿ ಗಳಿಸಿ" ಅಂತ ಓಡಾಡ್ತಿರೋ ರೀಷಿ ಕೂಡ ಇದೇ ಕುಲದ್ದು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಕಡೆಯ ಯುವಕರು ಇದನ್ನ ಬೆಳೀಬಹುದಾ? ಬೆಳೀಬಹುದು. ಮಾರಬಹುದಾ ಅನ್ನೋದು ಬೇರೆ ಪ್ರಶ್ನೆ.

ಮೊದಲು ಔಷಧದ ಮಾತು. ಚೀನಾದಲ್ಲಿ ಲಿಂಗ್‌ಝೀ, ಜಪಾನಿನಲ್ಲಿ ರೀಷಿ ಅಂತ ಶತಮಾನಗಳಿಂದ ಬಳಸ್ತಾರೆ. ಇದರಲ್ಲಿ ಬೀಟಾ ಗ್ಲೂಕಾನ್ ಅನ್ನೋ ಪಾಲಿಸ್ಯಾಕರೈಡ್, ಕಹಿ ರುಚಿ ಕೊಡೋ ಟ್ರೈಟರ್ಪೀನ್‌ಗಳು ಇವೆ. ಲ್ಯಾಬ್‌ನಲ್ಲಿ ಜೀವಕೋಶಗಳ ಮೇಲೆ, ಇಲಿಗಳ ಮೇಲೆ ಒಳ್ಳೇ ಪರಿಣಾಮ ಕಂಡಿದೆ. ಮನುಷ್ಯರ ಮೇಲಿನ ಪುರಾವೆ ಮಾತ್ರ ಇನ್ನೂ ತೆಳು. ಕ್ಯಾನ್ಸರ್ ರೋಗಿಗಳ 5 ಪ್ರಯೋಗಗಳನ್ನ 2012ರಲ್ಲಿ ಕಾಕ್ರೇನ್ ಸಂಸ್ಥೆ ಪರಿಶೀಲಿಸಿ, ಮೊದಲ ಚಿಕಿತ್ಸೆಯಾಗಿ ಬಳಸೋಕೆ ಆಧಾರ ಸಾಲದು, ಆಸ್ಪತ್ರೆ ಚಿಕಿತ್ಸೆ ಜೊತೆಗೆ ಕೊಡೋದನ್ನ ಯೋಚಿಸಬಹುದು ಅಂದಿತು. 2015ರಲ್ಲಿ 398 ಜನರ ಮೇಲಿನ 5 ಪ್ರಯೋಗ ನೋಡಿದಾಗ, ಸಕ್ಕರೆ ಕಾಯಿಲೆಯವರ ಹೃದಯದ ಅಪಾಯ ಇದರಿಂದ ಕಡಿಮೆ ಆಗುತ್ತೆ ಅನ್ನೋದಕ್ಕೆ ಬೆಂಬಲ ಸಿಗಲಿಲ್ಲ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ವೈದ್ಯರನ್ನ ಕೇಳದೆ ಮುಟ್ಟಬಾರದು.

ಬೆಳೆಯೋರಿಗೆ ಇದೆಲ್ಲ ಯಾಕೆ ಅಂದ್ರೆ, ಪ್ಯಾಕೆಟ್ ಮೇಲೆ "ಕ್ಯಾನ್ಸರ್, ಶುಗರ್ ವಾಸಿ" ಅಂತ ಬರೆದು ಜಾಹೀರಾತು ಕೊಟ್ರೆ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಪ್ರಕಾರ ಅಪರಾಧ. ಕೇಸ್ ಬೀಳೋದು ಮಾರಿದವನ ಮೇಲೆ. ಇನ್ನೊಂದು ಮಾತು: ತೆಂಗಿನ ಬುಡದ ಅಣಬೆ ಕಿತ್ತು ಕಷಾಯ ಮಾಡ್ಕೊಂಡು ಕುಡೀಬೇಡಿ, ಮಾರಲೂ ಬೇಡಿ. ಈ ಕುಲದಲ್ಲಿ ಜಾತಿಗಳು ಬಹಳ. ಚೀನಾದ ಲಿಂಗ್‌ಝೀಗೇ 2012ರಲ್ಲಿ ಬೇರೆ ಜಾತಿ ಅಂತ ಹೊಸ ವೈಜ್ಞಾನಿಕ ಹೆಸರು ಕೊಟ್ಟರು. ಬರೀ ಕಣ್ಣಲ್ಲಿ ನೋಡಿ ಯಾವುದು ಯಾವುದು ಅಂತ ಹೇಳೋಕಾಗಲ್ಲ.

ಈಗ ಬೇಸಾಯ. ಇದು ಮರ ಕೊಳೆಸೋ ಅಣಬೆ, ಹಾಗಾಗಿ ಇದಕ್ಕೆ ಭತ್ತದ ಹುಲ್ಲಿಗಿಂತ ಗಟ್ಟಿಮರದ ಹೊಟ್ಟು ಒಗ್ಗುತ್ತೆ. ಚಿಂತಾಮಣಿ ಕಡೆ ಮಾವಿನ ತೋಪುಗಳಿಗೇನು ಕೊರತೆ, ಸಾಮಿಲ್‌ನಲ್ಲಿ ಮಾವಿನ ಹೊಟ್ಟು ಕೇಳಿ. ಪ್ಲೈವುಡ್ ಅಥವಾ ಗೆದ್ದಲು ಔಷಧಿ ಹಚ್ಚಿದ ಮರದ್ದು ಬೇಡ. 80 ಭಾಗ ಹೊಟ್ಟು, 20 ಭಾಗ ಗೋಧಿ ಬೂಸಾ, ಸ್ವಲ್ಪ ಜಿಪ್ಸಂ, ತೇವ ಸುಮಾರು 65%. ಹಿಡಿಯಲ್ಲಿ ಹಿಂಡಿದ್ರೆ ಒಂದೆರಡು ಹನಿ ಬರಬೇಕು, ಧಾರೆ ಇಳೀಬಾರದು. ಶಿಡ್ಲಘಟ್ಟದೋರ ಹತ್ರ ಹಿಪ್ಪುನೇರಳೆ ಕಡ್ಡಿ ರಾಶಿ ಬಿದ್ದಿರುತ್ತೆ. ಅದನ್ನ ಪುಡಿ ಮಾಡಿ ನಾಲ್ಕೈದು ಚೀಲದಲ್ಲಿ ಮಾತ್ರ ಪರೀಕ್ಷೆ ಮಾಡಿ ನೋಡಿ.

ಕಷ್ಟ ಇರೋದು ಚೀಲ ಬೇಯಿಸೋದರಲ್ಲಿ. ಚಿಪ್ಪು ಅಣಬೆಗೆ ಹುಲ್ಲನ್ನ ಬಿಸಿನೀರಲ್ಲಿ ನೆನೆಸಿದ್ರೆ ಸಾಕು. ಇಲ್ಲಿ ಬೂಸಾ ಬೆರೆಸಿರೋದರಿಂದ ಹಸಿರು ಬೂಷ್ಟು ಬೇಗ ಹಿಡಿಯುತ್ತೆ. ಪಿ.ಪಿ. ಚೀಲಕ್ಕೆ ತುಂಬಿ ಆಟೋಕ್ಲೇವ್‌ನಲ್ಲಿ ಒತ್ತಡದ ಹಬೆ ಕೊಡಲೇಬೇಕು. ಈ ಯಂತ್ರ ಇಲ್ಲದಿದ್ರೆ ನನ್ನ ಸಲಹೆ, ಮೊದಲ ಸಲ ಬೀಜ ಹಾಕಿದ ಚೀಲಗಳನ್ನೇ ತನ್ನಿ.

ಬೀಜ ಹಾಕಿದ ಮೇಲೆ ಕತ್ತಲೆ ಕೋಣೆಯಲ್ಲಿ, 28ರಿಂದ 30 ಡಿಗ್ರಿಯಲ್ಲಿ, ಚೀಲ ಪೂರ್ತಿ ಬೆಳ್ಳಗಾಗೋಕೆ ಒಂದು ತಿಂಗಳ ಆಸುಪಾಸು ಬೇಕು. ಆಮೇಲೆ ಚೀಲದ ಬಾಯಿ ಬಿಚ್ಚಿ, ಬೆಳಕು ಬಿಟ್ಟು, ತೇವಾಂಶ 90% ಮೇಲೆ ಇಡಿ. ಬಿಳೀ ಗುಬುಟು ಏಳುತ್ತೆ. ಗಾಳಿ ಆಡದೆ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡ್ರೆ ಅದು ಜಿಂಕೆ ಕೊಂಬಿನ ಹಾಗೆ ಉದ್ದಕ್ಕೆ ಬೆಳೆಯುತ್ತೆ, ಕೊಡೆ ಬಿಚ್ಚಲ್ಲ. ಕಿಟಕಿ ತೆಗೆದು ಗಾಳಿ ಬಿಟ್ರೆ ಕೊಡೆ ಅಗಲವಾಗುತ್ತೆ. ಅಂಚಿನ ಬಿಳಿ ಗೆರೆ ಪೂರ್ತಿ ಹೋಗಿ ಕಂದು ಆದಾಗ ಕೊಯ್ಲು. ಆ ಹೊತ್ತಿಗೆ ಕಂದು ಪುಡಿ ಉದುರುತ್ತೆ, ಅದು ಬೀಜಕಣ. ಮಾಸ್ಕ್ ಹಾಕ್ಕೊಳ್ಳಿ, ಅಸ್ತಮಾ ಇರೋರು ಒಳಗೆ ಹೋಗಲೇಬೇಡಿ.

ನಮ್ಮ ಕಡೆ ಜೂನ್‌ನಿಂದ ಅಕ್ಟೋಬರ್ ಅನುಕೂಲ. ಡಿಸೆಂಬರ್ ಚಳಿಯಲ್ಲಿ ಬೆಳವಣಿಗೆ ನಿಧಾನ, ಏಪ್ರಿಲ್ ಒಣ ಗಾಳಿಯಲ್ಲಿ ತೇವ ನಿಲ್ಲಲ್ಲ.

ಇಳುವರಿ ಲೆಕ್ಕ ಹಾಕೋಣ. ಒಂದು ಕೆಜಿ ಹಸಿ ಚೀಲದಲ್ಲಿ ಒಣ ಪದಾರ್ಥ ಇರೋದು ಸುಮಾರು 350 ಗ್ರಾಂ. ಅದರ ಐದನೇ ಒಂದು ಭಾಗದಿಂದ ನಾಲ್ಕನೇ ಒಂದು ಭಾಗದಷ್ಟು ಹಸಿ ಅಣಬೆ ಅಂತ ಇಟ್ಕೊಳ್ಳಿ, ಅಂದ್ರೆ 70ರಿಂದ 90 ಗ್ರಾಂ. ಒಣಗಿಸಿದ್ರೆ ಅರ್ಧವೂ ಉಳಿಯಲ್ಲ. 50 ಚೀಲಕ್ಕೆ ಹೆಚ್ಚು ಕಡಿಮೆ ಒಂದೂವರೆ ಕೆಜಿ ಒಣ ಮಾಲು, ಅದೂ ಮೂರು ನಾಲ್ಕು ತಿಂಗಳಿಗೆ. ಟೊಮೇಟೊ ಥರ ಮಂಡಿಗೆ ಹಾಕಿ ಬರೋ ಮಾಲಲ್ಲ ಇದು. ಕೊಳ್ಳೋದು ಸಾರ ತೆಗೆಯೋ ಕಂಪನಿಗಳು, ಅವರು ಲ್ಯಾಬ್ ವರದಿ ಕೇಳ್ತಾರೆ.

"ಚೀಲ ನಾವೇ ಕೊಡ್ತೀವಿ, ಮಾಲು ನಾವೇ ವಾಪಸ್ ತಗೋತೀವಿ" ಅನ್ನೋ ಏಜೆಂಟು ಬಂದ್ರೆ ಮೂರು ವಿಷಯ ಕೇಳಿ: ದರ ಬರೆದ ಕರಾರು ಪತ್ರ ಎಲ್ಲಿ, ಗುಣಮಟ್ಟ ಸರಿಯಿಲ್ಲ ಅಂತ ತಳ್ಳಿಹಾಕೋಕೆ ಅಳತೆ ಏನು, ಹೋದ ವರ್ಷ ಮಾಲು ಕೊಟ್ಟು ದುಡ್ಡು ಪಡೆದ ರೈತನ ಮನೆ ಯಾವೂರಲ್ಲಿ. ಉತ್ತರ ಸಿಗೋವರೆಗೂ ಮುಂಗಡ ಕೊಡಬೇಡಿ. ತರಬೇತಿಗೆ ಚಿಂತಾಮಣಿ ತಾಲ್ಲೂಕು ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರ, ಹೆಸರಘಟ್ಟದ ಐಐಎಚ್‌ಆರ್ ಅಣಬೆ ವಿಭಾಗವನ್ನ ವಿಚಾರಿಸಿ. ರೀಷಿ ಬೀಜ ಸಿಗುತ್ತಾ ಅಂತ ಫೋನಲ್ಲೇ ಕೇಳಿಕೊಂಡು ಹೋಗಿ, ಬಸ್ ಚಾರ್ಜ್ ಉಳಿಯುತ್ತೆ.

ಜಾಗದ ವಿಷಯ ಒಂದು ಉಳಿದಿದೆ. ಖಾಲಿ ಇದೆ ಅಂತ ರೇಷ್ಮೆ ಹುಳು ಮನೆಯಲ್ಲಿ ಅಣಬೆ ಇಡಬೇಡಿ. ಅಷ್ಟು ತೇವಾಂಶದಲ್ಲಿ ಸುಣ್ಣಕಟ್ಟು ರೋಗಕ್ಕೆ ದಾರಿ ಆಗುತ್ತೆ, ಮುಂದಿನ ಬೆಳೆ ಕೈಬಿಡುತ್ತೆ. ತೆಂಗು, ಅಡಿಕೆ ತೋಟದ ಪಕ್ಕದಲ್ಲೂ ಬೇಡ. ಬೆಳೆ ಮುಗಿದ ಚೀಲಗಳನ್ನ ಗೊಬ್ಬರ ಅಂತ ತೆಂಗಿನ ಪಾತಿಗೆ ಸುರಿಯೋದು ಬೇಡ, ಪೂರ್ತಿ ಒಣಗಿಸಿ ಪ್ಲಾಸ್ಟಿಕ್ ತೆಗೆದು, ಒಳಗಿನ ಹೊಟ್ಟನ್ನ ಬಚ್ಚಲ ಒಲೆಗೆ ಹಾಕಿ.